ಸ್ಟಾಕ್‌ಹೋಮಿನ ಎರಡು ಜಯಗಳು

೧

ರಾಷ್ಟ್ರಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅರಮನೆ, ರಣರಂಗ, ಸಂಧಾನಸಭೆ ಎಂಬ ಮೂರು ಸ್ಥಳಗಳಲ್ಲಿಯೇ ತಮ್ಮ ಸಾಮಗ್ರಿಯನ್ನು ಅರಸುತ್ತಾರೆ. ಆಟದ ಬಯಲಿನ ಕಡೆಗೆ ಅವರ ದೃಷ್ಟಿ ಹರಿಯುವುದು ಅಪೂರ್ವ. ಆಟವು ವಿನೋದಕ್ಕಾಗಿ ಹುಟ್ಟಿದುದು, ಅದರ ಸೋಲು ಗೆಲುವುಗಳು ಮರುದಿನದ ಪತ್ರಿಕೆಯೊಡನೆಯೇ ಹಳತಾಗುವುವು ಎಂಬ ಭಾವನೆಯೇ ಇದಕ್ಕೆ ಕಾರಣ. ಆದರೆ ಬಾಯಿ ಬಿಟ್ಟು ಮಾತನಾಡಲಾಗದ ಕಾಲದಲ್ಲಿ ಒಂದು ಜನಾಂಗವು ತನ್ನ ಮನಸ್ಸನ್ನು ಆಟದ ಮೂಲಕ ಹೊರಗೆಡಹಿದ ಉದಾಹರಣೆಗಳು ಇಲ್ಲದಿಲ್ಲ. ೧೯೬೯ನೆಯ ಇಸವಿ ಮಾರ್ಚಿ ತಿಂಗಳಲ್ಲಿ ಸ್ವೀಡನ್ ದೇಶದ ರಾಜಧಾನಿಯಾದ ಸ್ಟಾಕ್‌ಹೋಮಿನಲ್ಲಿ ನಡೆದ ಐಸ್ ಹಾಕಿಯ ಜಾಗತಿಕ ಪಂದ್ಯಾವಳಿಯು ಅಂಥವುಗಳಲ್ಲಿ ಮುಖ್ಯವಾದುದು.

ಅಲ್ಲಿ ಚೆಕೊಸ್ಲೊವಾಕಿಯದ ತಂಡವು ಸೋವಿಯತ್ ಒಕ್ಕೂಟದ ತಂಡವನ್ನು ಒಂದು ವಾರದ ಅಂತರದಲ್ಲಿ ಎರಡು ಸಲ ಸೋಲಿಸಿತು. ಪಂದ್ಯಾವಳಿಯ ಪಟ್ಟ ಅದಕ್ಕೆ ದೊರೆಯಲಿಲ್ಲ. ದಾಖಲೆಯ ಪುಸ್ತಕದಲ್ಲಿ ಅದರ ಹೆಸರು ಮೂರನೆಯ ಸಾಲಿನಲ್ಲಿದೆ. ಆದರೂ ಎರಡನೆಯ ಜಯವಾದ ರಾತ್ರಿ ಆ ದೇಶದ ಬೀದಿಗಳು ಜನರಿಂದ ತುಂಬಿಹೋದವು. ಅದಾದ ಇಪ್ಪತ್ತನೆಯ ದಿನ ಆ ದೇಶದ ಪ್ರಧಾನ ನಾಯಕನು ಅಧಿಕಾರದಿಂದ ಇಳಿಯಬೇಕಾಯಿತು. ಆ ಜಯಕ್ಕೂ ಈ ಪತನಕ್ಕೂ ಇದ್ದ ಸಂಬಂಧವೇನು? ಜನರ ಆ ಹರ್ಷವು ವಿವೇಕವೋ ಅವಿವೇಕವೋ? ಈ ಪ್ರಶ್ನೆಗಳನ್ನು ಶಾಂತಚಿತ್ತದಿಂದ ವಿಚಾರಿಸುವುದು ಉಚಿತ.

ಹಾಕಿ ಎಂದೊಡನೆ ಕನ್ನಡ ನಾಡಿನ ವಾಚಕರಿಗೆ ಕೊಡಗಿನ ಬಯಲುಗಳಲ್ಲಿ ನಡೆಯುವ ಆಟವು ನೆನಪಾಗುವುದು ಸಹಜ. ಐಸ್ ಹಾಕಿಯು ಅದರ ದಾಯಾದಿಯೇ ಆದರೂ ಅದರ ನಡೆ ಬೇರೆ. ಇಲ್ಲಿ ನೆಲವು ಹುಲ್ಲಲ್ಲ, ಹೆಪ್ಪುಗಟ್ಟಿದ ನೀರು. ಆಟಗಾರರ ಪಾದರಕ್ಷೆಗಳ ಅಡಿಯಲ್ಲಿ ಉಕ್ಕಿನ ಅಲಗುಗಳಿರುತ್ತವೆ. ಅವರು ಓಡುವುದಿಲ್ಲ, ಜಾರುತ್ತಾರೆ. ಚೆಂಡಿಗೆ ಬದಲಾಗಿ ಒಂದಂಗುಲ ದಪ್ಪವೂ ಮೂರಂಗುಲ ಅಗಲವೂ ಉಳ್ಳ ಗಟ್ಟಿ ರಬ್ಬರಿನ ಬಿಲ್ಲೆಯೊಂದುಂಟು. ಗೋಲು ಕಾಯುವವನೂ ಸೇರಿ ಪಕ್ಷವೊಂದಕ್ಕೆ ಆರು ಮಂದಿ ಕಣದಲ್ಲಿರುತ್ತಾರೆ. ಇಪ್ಪತ್ತು ನಿಮಿಷಗಳ ಮೂರು ಭಾಗಗಳಾಗಿ ಆಟ ನಡೆಯುತ್ತದೆ. ಎದುರಾಳಿಗೆ ಮೈಯೊಡ್ಡಿ ತಡೆಯುವುದಕ್ಕೆ ನಿಯಮದಲ್ಲಿಯೇ ಅವಕಾಶವಿರುವುದರಿಂದ ವೇಗ, ಕೌಶಲ, ದೇಹಬಲ ಮೂರೂ ಇದರಲ್ಲಿ ಪರೀಕ್ಷೆಗೊಳಗಾಗುತ್ತವೆ. ಈಗಿನ ರೂಪದಲ್ಲಿ ಈ ಆಟವು ಬೆಳೆದುದು ಕೆನಡಾದಲ್ಲಿ. ಹತ್ತೊಂಬತ್ತನೆಯ ಶತಮಾನದ ಕೊನೆಗೂ ಇಪ್ಪತ್ತನೆಯ ಶತಮಾನದ ಆದಿಗೂ ಅದು ಸಮುದ್ರವನ್ನು ದಾಟಿ ಯೂರೋಪಿನ ಶೀತಪ್ರದೇಶಗಳಲ್ಲಿ ನೆಲೆಯೂರಿತು.

೨

ಚೆಕ್ಕರಿಗೆ ಈ ಆಟದಲ್ಲಿದ್ದ ಅಭಿಮಾನವು ನಿನ್ನೆ ಮೊನ್ನೆಯದಲ್ಲ. ೧೯೦೮ರಲ್ಲಿ ಪ್ಯಾರಿಸ್ಸಿನಲ್ಲಿ ಐಸ್ ಹಾಕಿಯ ಅಂತಾರಾಷ್ಟ್ರೀಯ ಸಂಘವು ಸ್ಥಾಪಿತವಾದಾಗ ಅದೇ ವರ್ಷ ಸದಸ್ಯತ್ವವನ್ನು ಪಡೆದ ನಾಡುಗಳಲ್ಲಿ ಬೊಹೀಮಿಯವೂ ಒಂದು. ಬೊಹೀಮಿಯವು ಆಗ ಸ್ವತಂತ್ರ ರಾಜ್ಯವಾಗಿರಲಿಲ್ಲ. ಆಸ್ಟ್ರಿಯ-ಹಂಗೆರಿ ಚಕ್ರಾಧಿಪತ್ಯದ ಒಂದು ಭಾಗವಾಗಿದ್ದಿತು. ಆದರೂ ೧೯೧೧ರಲ್ಲಿ ಬರ್ಲಿನ್ನಿನಲ್ಲಿ ನಡೆದ ಯೂರೋಪಿಯನ್ ಪಂದ್ಯಾವಳಿಯಲ್ಲಿ ಆ ನಾಡಿನ ತಂಡವು ತನ್ನ ಹೆಸರಿನಲ್ಲಿಯೇ ಆಡಿ ಪ್ರಥಮ ಸ್ಥಾನವನ್ನು ಗಳಿಸಿತು. ರಾಜ್ಯವು ಹುಟ್ಟುವ ಮೊದಲೇ ಅದರ ತಂಡವು ಹುಟ್ಟಿದ್ದಿತು. ಭೂಪಟದಲ್ಲಿ ಸ್ಥಳವಿಲ್ಲದ ಹೆಸರಿಗೆ ಆಟದ ಕಣದಲ್ಲಿ ಸ್ಥಳವಿದ್ದಿತೆಂಬುದು ಮುಂದಿನ ಕಥೆಗೆ ಪೀಠಿಕೆಯಂತಿದೆ.

೧೯೧೮ರ ಅಕ್ಟೋಬರಿನಲ್ಲಿ ಚೆಕ್ಕರೂ ಸ್ಲೊವಾಕರೂ ಒಂದುಗೂಡಿ ಸ್ವತಂತ್ರ ಗಣರಾಜ್ಯವನ್ನು ಸ್ಥಾಪಿಸಿದರು. ಎರಡು ವರ್ಷಗಳ ತರುವಾಯ, ೧೯೨೦ರಲ್ಲಿ, ಬೆಲ್ಜಿಯಂ ದೇಶದ ಆಂಟ್‌ವರ್ಪಿನ ಒಲಿಂಪಿಕ್ ಕೂಟದಲ್ಲಿ ಐಸ್ ಹಾಕಿಗೆ ಮೊದಲ ಬಾರಿ ಸ್ಥಾನ ದೊರೆಯಿತು. ಮೊತ್ತಮೊದಲ ಜಾಗತಿಕ ಪಂದ್ಯಾವಳಿಯೆಂದು ಇಂದು ಗಣಿಸಲ್ಪಡುವುದು ಅದೇ. ಅಲ್ಲಿ ಚೆಕೊಸ್ಲೊವಾಕಿಯವು ಕೆನಡಾಕ್ಕೆ ೧೫-೦ ಗೋಲುಗಳಿಂದಲೂ ಅಮೆರಿಕಕ್ಕೆ ೧೬-೦ ಗೋಲುಗಳಿಂದಲೂ ಸೋತಿತು. ಕೊನೆಗೆ ಸ್ವೀಡನ್ನಿನ ಮೇಲೆ ಒಂದೇ ಒಂದು ಗೋಲನ್ನು ಹೊಡೆದು, ಆ ಒಂದರ ಬಲದಿಂದ ಮೂರನೆಯ ಸ್ಥಾನವನ್ನು ಪಡೆಯಿತು. ಮೂವತ್ತೊಂದು ಗೋಲುಗಳನ್ನು ಕೊಟ್ಟು ಒಂದನ್ನು ಪಡೆದವರಿಗೂ ಕಂಚಿನ ಪದಕ ಲಭಿಸಿತೆಂದರೆ ಪಂದ್ಯಾವಳಿಗಳ ಗಣಿತವು ಎಷ್ಟು ವಿಚಿತ್ರವಾದುದೆಂಬುದು ಗೊತ್ತಾಗುತ್ತದೆ. ಈ ಗಣಿತವು ಆ ದೇಶಕ್ಕೆ ಒಮ್ಮೆ ಒಲಿಯಿತು; ಮುಂದೆ ಎರಡು ಸಲ ಮುನಿಯಿತು.

ಅದು ಮೊದಲ ಸಲ ಮುನಿದುದು ೧೯೪೮ರಲ್ಲಿ. ಹಿಂದಿನ ವರ್ಷ ಪ್ರಾಗ್ ನಗರದಲ್ಲಿ ಚೆಕೊಸ್ಲೊವಾಕಿಯವು ಮೊದಲ ಬಾರಿಗೆ ಜಾಗತಿಕ ಪಟ್ಟವನ್ನು ಗೆದ್ದಿದ್ದಿತು. ೧೯೪೮ರ ಆದಿಯಲ್ಲಿ ಸ್ವಿಟ್ಜರ್‌ಲೆಂಡಿನ ಸೇಂಟ್ ಮೊರಿಟ್ಜ್ ಎಂಬಲ್ಲಿ ನಡೆದ ಒಲಿಂಪಿಕ್ ಕೂಟದಲ್ಲಿ ಅದೂ ಕೆನಡಾವೂ ಏಳೇಳು ಪಂದ್ಯಗಳನ್ನು ಗೆದ್ದವು. ಪರಸ್ಪರ ಆಡಿದ ಪಂದ್ಯದಲ್ಲಿ ಎರಡು ಪಕ್ಷಗಳೂ ಒಂದು ಗೋಲನ್ನಾದರೂ ಪಡೆಯಲಿಲ್ಲ. ಅಂಕಗಳು ಸಮವಾದುದರಿಂದ ಗೋಲುಗಳ ಸರಾಸರಿಯನ್ನು ನೋಡಿ ಕೆನಡಾಕ್ಕೆ ಚಿನ್ನವನ್ನು ಕೊಡಲಾಯಿತು. ಕೆನಡಾಕ್ಕೆ ಗೋಲೇ ಕೊಡದೆ ನಿಂತ ಚೆಕೊಸ್ಲೊವಾಕಿಯದ ರಕ್ಷಕನ ಹೆಸರು ಬೊಹುಮಿಲ್ ಮೋದ್ರಿ.

ಆ ಕೂಟವು ಮುಗಿದು ಮೂರು ವಾರಗಳು ತುಂಬುವ ಮೊದಲೇ, ಫೆಬ್ರವರಿ ೨೫ರಂದು, ಪ್ರಾಗ್ ನಗರದಲ್ಲಿ ಸಾಮ್ಯವಾದೀ ಪಕ್ಷವು ಸಮಗ್ರ ಅಧಿಕಾರವನ್ನು ವಶಪಡಿಸಿಕೊಂಡಿತು. ಅದೇ ವರ್ಷ ನವೆಂಬರಿನಲ್ಲಿ ಪ್ಯಾರಿಸ್ಸಿನಿಂದ ಲಂಡನ್ನಿಗೆ ಹೊರಟ ಸಣ್ಣ ವಿಮಾನವೊಂದು ಸಮುದ್ರದ ಮೇಲೆ ಕಣ್ಮರೆಯಾಗಿ, ರಾಷ್ಟ್ರೀಯ ತಂಡದ ಆರು ಮಂದಿ ಆಟಗಾರರು ಮೃತರಾದರು. ಅಷ್ಟಾದರೂ ಉಳಿದವರು ೧೯೪೯ರಲ್ಲಿ ಇದೇ ಸ್ಟಾಕ್‌ಹೋಮಿಗೆ ಹೋಗಿ ಎರಡನೆಯ ಬಾರಿ ಜಾಗತಿಕ ಪಟ್ಟವನ್ನು ತಂದರು. ಅದಕ್ಕೆ ಅವರಿಗೆ ದೊರೆತ ಪ್ರತಿಫಲವು ಕ್ರೂರವಾದುದು. ೧೯೫೦ರ ಮಾರ್ಚಿಯಲ್ಲಿ ಲಂಡನ್ನಿನ ಪಂದ್ಯಾವಳಿಗೆ ಹೊರಟಿದ್ದ ತಂಡವನ್ನು ಪ್ರಾಗ್ ವಿಮಾನನಿಲ್ದಾಣದಲ್ಲಿಯೇ ತಡೆಯಲಾಯಿತು. ಆಟಗಾರರು ದೇಶಬಿಟ್ಟು ಓಡಿಹೋಗುವರೆಂಬ ಅನುಮಾನ ಸರ್ಕಾರಕ್ಕಿದ್ದಿತು. ಎರಡು ದಿನಗಳ ಮೇಲೆ ಪಾನಗೃಹವೊಂದರಲ್ಲಿ ಕಲೆತು, ದುಃಖದಿಂದಲೂ ಮದ್ಯದಿಂದಲೂ ಕೆರಳಿ, ಸರ್ಕಾರವನ್ನು ಬಯ್ದ ಆಟಗಾರರನ್ನು ಪೊಲೀಸರು ಸೆರೆಹಿಡಿದರು. ಆ ವರ್ಷದ ಅಕ್ಟೋಬರಿನಲ್ಲಿ ದೇಶದ್ರೋಹ ಮತ್ತು ಗೂಢಚರ್ಯೆಯ ಆಪಾದನೆಯ ಮೇಲೆ ವಿಚಾರಣೆ ನಡೆದು ಎಂಟು ತಿಂಗಳಿಂದ ಹದಿನೈದು ವರ್ಷಗಳವರೆಗಿನ ಶಿಕ್ಷೆಗಳು ವಿಧಿಸಲ್ಪಟ್ಟವು. ಹದಿನೈದು ವರ್ಷಗಳ ಶಿಕ್ಷೆ ಮೋದ್ರಿಯ ಪಾಲಿಗೆ ಬಂದಿತು. ಅವನೂ ಅವನ ಸಂಗಡಿಗರು ಕೆಲವರೂ ಯುರೇನಿಯಂ ಗಣಿಗಳ ಸೆರೆಶಿಬಿರಗಳಲ್ಲಿ ದುಡಿದರು. ೧೯೫೫ರಲ್ಲಿ ಬಿಡುಗಡೆಯಾಯಿತು, ಆದರೆ ಕೆಟ್ಟ ಆರೋಗ್ಯವು ಮರಳಲಿಲ್ಲ. ೧೯೬೩ರಲ್ಲಿ, ನಲವತ್ತಾರು ವರ್ಷದವನಾಗಿದ್ದಾಗ, ಮೋದ್ರಿಯು ತೀರಿಕೊಂಡನು.

ಜಗತ್ತನ್ನೇ ಗೆದ್ದ ತಂಡವು ಹೀಗೆ ತನ್ನವರ ಕೈಯಿಂದಲೇ ನಾಶವಾದ ಕಾಲದಲ್ಲಿ ಪೂರ್ವದಲ್ಲಿ ಹೊಸ ಶಕ್ತಿಯೊಂದು ತಲೆಯೆತ್ತುತ್ತಿದ್ದಿತು. ಸೋವಿಯತ್ತಿನವರು ಕೆನಡಾ ಪದ್ಧತಿಯ ಈ ಆಟವನ್ನು ಕೈಗೊಂಡುದು ೧೯೪೬ರ ಸುಮಾರಿಗೆ. ೧೯೪೮ರಲ್ಲಿ ಪ್ರಾಗ್ ನಗರದ ಪ್ರಸಿದ್ಧ ಎಲ್.ಟಿ.ಸಿ. ತಂಡವು ಮಾಸ್ಕೋಗೆ ಹೋಗಿ ಅಲ್ಲಿಯವರೊಡನೆ ಮೂರು ಪಂದ್ಯಗಳನ್ನಾಡಿ ತನ್ನ ವಿದ್ಯೆಯನ್ನು ಧಾರಾಳವಾಗಿ ತೋರಿಸಿಕೊಟ್ಟಿತು. ಶಿಷ್ಯರು ಬೇಗನೆ ಕಲಿತರು. ೧೯೫೪ರಲ್ಲಿ ಮೊದಲ ಬಾರಿಗೆ ಜಾಗತಿಕ ಪಂದ್ಯಾವಳಿಗೆ ಬಂದ ಸೋವಿಯತ್ ತಂಡವು ಕೆನಡಾವನ್ನು ೭-೨ ಗೋಲುಗಳಿಂದ ಸೋಲಿಸಿ ಪಟ್ಟವನ್ನೇರಿತು. ೧೯೬೩ರಿಂದ ಮುಂದೆ ಆ ಪಟ್ಟವನ್ನು ಅದರ ಕೈಯಿಂದ ಕಸಿದುಕೊಳ್ಳಬಲ್ಲವರೇ ಇಲ್ಲವಾದರು.

೩

೧೯೬೮ರ ಜನವರಿಯಲ್ಲಿ ಚೆಕೊಸ್ಲೊವಾಕಿಯದ ಸಾಮ್ಯವಾದೀ ಪಕ್ಷದ ಮುಖ್ಯ ಕಾರ್ಯದರ್ಶಿಯಾಗಿ ಅಲೆಕ್ಸಾಂಡರ್ ಡುಬ್ಚೆಕ್ ಎಂಬ ಸ್ಲೊವಾಕ್ ಮುಖಂಡನು ನಿಯುಕ್ತನಾದನು. ಸಾಮ್ಯವಾದವನ್ನು ಬಿಡದೆ, ಅದರಲ್ಲಿ ಮಾನವೀಯತೆಗೆ ಎಡೆಮಾಡಿಕೊಡಬೇಕೆಂಬುದು ಅವನ ಅಭಿಮತ. ಅವನ ಕಾಲದಲ್ಲಿ ಪತ್ರಿಕೆಗಳ ಮೇಲಣ ನಿರ್ಬಂಧವು ತೆಗೆಯಲ್ಪಟ್ಟಿತು. ಹಿಂದೆ ಅನ್ಯಾಯವಾಗಿ ಶಿಕ್ಷೆಗೊಳಗಾದವರ ಮೊಕದ್ದಮೆಗಳು ಮತ್ತೆ ವಿಚಾರಣೆಗೆ ಬಂದವು. ೧೯೫೦ರಲ್ಲಿ ಸೆರೆಹೋದ ಹಾಕಿಯ ಆಟಗಾರರೂ ನಿರ್ದೋಷಿಗಳೆಂದು ಆ ವರ್ಷವೇ ಘೋಷಿತರಾದರು. ಮೋದ್ರಿಗೆ ಆ ಘೋಷಣೆ ತಲಪುವಾಗ ಅವನು ಸತ್ತು ಐದು ವರ್ಷಗಳಾಗಿದ್ದವು.

ಈ ವಸಂತಕಾಲವು ನೆರೆಯ ಪ್ರಭುಗಳಿಗೆ ಹಿಡಿಸಲಿಲ್ಲ. ಆಗಸ್ಟ್ ೨೦ರ ರಾತ್ರಿ ಸೋವಿಯತ್ ಒಕ್ಕೂಟವೂ ಅದರ ಮಿತ್ರರಾದ ಪೋಲೆಂಡ್, ಹಂಗೆರಿ, ಬಲ್ಗೇರಿಯ ದೇಶಗಳೂ ಲಕ್ಷಾಂತರ ಸೈನಿಕರನ್ನೂ ಸಹಸ್ರಾರು ಟ್ಯಾಂಕುಗಳನ್ನೂ ಗಡಿದಾಟಿಸಿದವು. ಬೆಳಗಾಗುವಷ್ಟರಲ್ಲಿ ಪ್ರಾಗ್ ನಗರವು ಪರರ ವಶವಾಗಿದ್ದಿತು. ಸೈನ್ಯವು ಎದುರಿಸಲಿಲ್ಲ, ಎದುರಿಸಿದ್ದರೆ ಸರ್ವನಾಶವಾಗುತ್ತಿದ್ದಿತು. ಆದರೂ ನೂರಕ್ಕಿಂತ ಹೆಚ್ಚು ಮಂದಿ ನಾಗರಿಕರು ಪ್ರಾಣ ಕಳೆದುಕೊಂಡರು. ಡುಬ್ಚೆಕನನ್ನು ಮಾಸ್ಕೋಗೆ ಒಯ್ದು, ಒಪ್ಪಂದಕ್ಕೆ ಅಂಕಿತ ಹಾಕಿಸಿ, ಹಿಂದಕ್ಕೆ ಕಳುಹಿಸಲಾಯಿತು. ಅವನ ಅಧಿಕಾರವು ಹೆಸರಿಗೆ ಉಳಿಯಿತು. ಪರದೇಶದ ಸೈನ್ಯವು ನೆಲದ ಮೇಲೆ ಉಳಿಯಿತು.

೧೯೬೯ರ ಜಾಗತಿಕ ಪಂದ್ಯಾವಳಿಯು ಪ್ರಾಗ್ ನಗರದಲ್ಲಿಯೇ ನಡೆಯಬೇಕೆಂದು ಮೊದಲು ನಿಶ್ಚಯವಾಗಿದ್ದಿತು. ಈ ವಿಪತ್ತಿನ ತರುವಾಯ ಆ ದೇಶವು ಆತಿಥ್ಯವನ್ನು ಬಿಟ್ಟುಕೊಟ್ಟಿತು. ಪಂದ್ಯಾವಳಿಯು ಸ್ಟಾಕ್‌ಹೋಮಿಗೆ ವರ್ಗವಾಯಿತು. ನಡುವೆ ಬಂದ ಚಳಿಗಾಲವು ಅತ್ಯಂತ ದುಃಖಮಯವಾದುದು. ಜನವರಿ ೧೬ರಂದು ಯಾನ್ ಪಾಲಾಖ್ ಎಂಬ ಇಪ್ಪತ್ತು ವರ್ಷದ ವಿದ್ಯಾರ್ಥಿಯು ಪ್ರಾಗಿನ ವೆನ್ಸೆಸ್ಲಾಸ್ ಚೌಕದಲ್ಲಿ ತನ್ನ ಮೈಗೆ ತಾನೇ ಬೆಂಕಿಯಿಟ್ಟುಕೊಂಡನು. ಮೂರು ದಿನಗಳ ಮೇಲೆ ಮಡಿದನು. ಪತ್ರಿಕೆಗಳ ಮೇಲೆ ನಿರ್ಬಂಧವಿರಕೂಡದೆಂಬುದು ಅವನು ಬರೆದಿಟ್ಟ ಬೇಡಿಕೆಗಳಲ್ಲಿ ಮೊದಲನೆಯದು. ಫೆಬ್ರವರಿಯಲ್ಲಿ ಮತ್ತೊಬ್ಬ ವಿದ್ಯಾರ್ಥಿಯು ಅದೇ ದಾರಿಯನ್ನು ಹಿಡಿದನು. ಮಾತು ಸೋತು, ಬೆಂಕಿಯೂ ಸೋತ ಮೇಲೆ, ಮಾರ್ಚಿ ತಿಂಗಳು ಬಂದಿತು.

೪

ಪಂದ್ಯಾವಳಿಯು ಆರಂಭವಾದುದು ಮಾರ್ಚಿ ೧೫ರಂದು. ಸರಿಯಾಗಿ ಮೂವತ್ತು ವರ್ಷಗಳ ಹಿಂದೆ, ೧೯೩೯ರ ಅದೇ ದಿನ, ಜರ್ಮನಿಯ ಸೈನ್ಯವು ಪ್ರಾಗ್ ನಗರವನ್ನು ಪ್ರವೇಶಿಸಿದ್ದಿತು. ತಿಥಿಗಳ ಈ ಮೇಳವು ಆಕಸ್ಮಿಕವೇ ಆದರೂ ಆ ದೇಶದ ಹಿರಿಯರ ಮನಸ್ಸಿಗೆ ಅದು ತಟ್ಟದೆ ಇರಲಿಲ್ಲ. ಸೋವಿಯತ್ ಒಕ್ಕೂಟ, ಸ್ವೀಡನ್, ಚೆಕೊಸ್ಲೊವಾಕಿಯ, ಕೆನಡಾ, ಫಿನ್ಲೆಂಡ್, ಅಮೆರಿಕ ಎಂಬ ಆರು ತಂಡಗಳಲ್ಲಿ ಒಂದೊಂದೂ ಉಳಿದ ಐದರೊಡನೆ ಎರಡೆರಡು ಸಲ ಆಡಬೇಕೆಂಬುದು ನಿಯಮ. ಗೆದ್ದರೆ ಎರಡು ಅಂಕಗಳು, ಸಮವಾದರೆ ಒಂದು.

ಚೆಕೊಸ್ಲೊವಾಕಿಯದ ಆಟಗಾರರು ಹೊರಡುವಾಗಲೇ ತಮ್ಮೊಳಗೆ ಒಂದು ನಿರ್ಧಾರವನ್ನು ಮಾಡಿಕೊಂಡಿದ್ದರು. ಯಾರಿಗೆ ಸೋತರೂ ಚಿಂತೆಯಿಲ್ಲ, ಸೋವಿಯತ್ತಿಗೆ ಸೋಲಕೂಡದು. ಗೆದ್ದರೂ ಸೋತರೂ ಅವರ ಕೈ ಕುಲುಕಕೂಡದು. ಎದುರು ನಿಲ್ಲುವ ಆಟಗಾರರಲ್ಲಿ ಅನೇಕರು ಅವರಿಗೆ ವರ್ಷಗಳಿಂದ ಪರಿಚಿತರು. ಟ್ಯಾಂಕುಗಳನ್ನು ಕಳುಹಿಸಿದವರು ಆ ಆಟಗಾರರಲ್ಲವೆಂಬುದೂ ಅವರಿಗೆ ತಿಳಿಯದ ವಿಷಯವಲ್ಲ. ಆದರೆ ಟ್ಯಾಂಕುಗಳನ್ನು ಕಳುಹಿಸಿದವರು ಕೈಗೆ ಸಿಕ್ಕುವವರಲ್ಲ. ಅವರ ಲಾಂಛನವನ್ನು ಎದೆಯ ಮೇಲೆ ಧರಿಸಿದವರು ಮಾತ್ರ ಕಣದಲ್ಲಿ ಸಿಕ್ಕುವವರು.

ಲಾಂಛನದ ಮಾತು ಬಂದುದರಿಂದ ಇನ್ನೊಂದು ಸಂಗತಿಯನ್ನು ಹೇಳಬೇಕು. ಬೊಹೀಮಿಯದ ಪುರಾತನ ರಾಜಚಿಹ್ನೆಯು ಎರಡು ಬಾಲಗಳುಳ್ಳ ಸಿಂಹ. ಅದರ ತಲೆಯ ಮೇಲೆ ಕಿರೀಟವಿದ್ದಿತು. ೧೯೬೦ರಲ್ಲಿ ಸರ್ಕಾರವು ಆ ಕಿರೀಟವನ್ನು ತೆಗೆದು ಐದು ಮೂಲೆಗಳ ನಕ್ಷತ್ರವನ್ನಿರಿಸಿತು. ಸ್ಟಾಕ್‌ಹೋಮಿನಲ್ಲಿ ಯಾರೊಸ್ಲಾವ್ ಯಿರ್ಝಿಕ್ ಮೊದಲಾದ ಕೆಲವು ಆಟಗಾರರು ತಮ್ಮ ಅಂಗಿಯ ಮೇಲಿನ ಸಿಂಹವನ್ನು ಹಾಗೆಯೇ ಬಿಟ್ಟು, ನಕ್ಷತ್ರವನ್ನು ಮಾತ್ರ ಅಂಟುಪಟ್ಟಿಯಿಂದ ಮುಚ್ಚಿ ಕಣಕ್ಕಿಳಿದರು. ಒಂದಂಗುಲದ ಆ ಪಟ್ಟಿಯಲ್ಲಿ ಅಡಗಿದ್ದ ಅರ್ಥವು ತವರಿನ ಜನರಿಗೆ ಯಾರೂ ವಿವರಿಸದೆಯೇ ತಿಳಿಯಿತು.

ಮೊದಲ ಮುಖಾಮುಖಿಯು ಮಾರ್ಚಿ ೨೧ರ ಶುಕ್ರವಾರ ನಡೆಯಿತು. ಪ್ರಾಗ್ ನಗರವು ಟ್ಯಾಂಕುಗಳನ್ನು ಕಂಡ ಆಗಸ್ಟ್ ೨೧ಕ್ಕೆ ಅಂದಿಗೆ ಏಳು ತಿಂಗಳು. ಸೋವಿಯತ್ ತಂಡದ ಶಿಕ್ಷಕರು ಅರ್ಕಾಡಿ ಚೆರ್ನಿಶೆವ್, ಅನತೋಲಿ ತರಾಸೊವ್ ಎಂಬ ಜಗತ್ಪ್ರಸಿದ್ಧರು. ಎದುರು ಪಕ್ಷದ ಶಿಕ್ಷಕರು ಯಾರೊಸ್ಲಾವ್ ಪಿಟ್ನರ್ ಮತ್ತು ವ್ಲಾದಿಮಿರ್ ಕೊಸ್ಟ್ಕ. ಹಿಂದಿನ ವರ್ಷ ಫ್ರಾನ್ಸಿನ ಗ್ರೆನೋಬ್ಲ್ ಒಲಿಂಪಿಕ್ ಕೂಟದಲ್ಲಿ ಚೆಕೊಸ್ಲೊವಾಕಿಯವು ಸೋವಿಯತ್ತನ್ನು ೫-೪ ಗೋಲುಗಳಿಂದ ಸೋಲಿಸಿದ್ದುದರಿಂದ ಜಯವು ಅಸಾಧ್ಯವಲ್ಲವೆಂಬುದು ಗೊತ್ತಿದ್ದಿತು. ಅಂದು ಸ್ಟಾಕ್‌ಹೋಮಿನ ಪ್ರೇಕ್ಷಕರೂ ಬಹುಮಟ್ಟಿಗೆ ದುರ್ಬಲರ ಪಕ್ಷವನ್ನೇ ವಹಿಸಿದ್ದರು. ಪಂದ್ಯದ ಮೊದಲ ಭಾಗದಲ್ಲಿ ಗೋಲಾಗಲಿಲ್ಲ. ತರುವಾಯ ಯಾನ್ ಸುಖಿ ಒಂದನ್ನೂ ಯೋಸೆಫ್ ಚೆರ್ನಿ ಇನ್ನೊಂದನ್ನೂ ಹೊಡೆದರು. ಗೋಲಿನ ಬಾಗಿಲಲ್ಲಿ ನಿಂತ ವ್ಲಾದಿಮಿರ್ ಜುರಿಲ್ಲನು ಸೋವಿಯತ್ತಿನವರ ಒಂದು ಹೊಡೆತವನ್ನೂ ಒಳಹೋಗಗೊಡಲಿಲ್ಲ. ನಾಯಕನಾದ ಯೋಜೆಫ್ ಗೊಲೊಂಕನು ತನ್ನ ಆಟದ ಕೋಲನ್ನು ಬಂದೂಕದಂತೆ ಹಿಡಿದು ಗುರಿಯಿಟ್ಟು ತೋರಿಸಿದನು. ಪಂದ್ಯವು ೨-೦ ಎಂದು ಮುಗಿಯಿತು. ಪದ್ಧತಿಯಂತೆ ಎರಡು ತಂಡಗಳೂ ಸಾಲಾಗಿ ನಿಂತವು. ಚೆಕೊಸ್ಲೊವಾಕಿಯದವರು ಕೈ ನೀಡಲಿಲ್ಲ.

ಎರಡನೆಯ ಪಂದ್ಯವು ಮುಂದಿನ ಶುಕ್ರವಾರ, ಮಾರ್ಚಿ ೨೮ರಂದು. ಈ ಸಲ ಎದುರಾಳಿಗಳು ಎಚ್ಚೆತ್ತಿದ್ದರು. ಹೋರಾಟವು ಕೊನೆಯ ನಿಮಿಷದವರೆಗೂ ನಡೆಯಿತು. ಆದರೂ ಫಲವು ಬದಲಾಗಲಿಲ್ಲ. ಚೆಕೊಸ್ಲೊವಾಕಿಯವು ೪-೩ ಗೋಲುಗಳಿಂದ ಗೆದ್ದಿತು.

ಇನ್ನುಳಿದುದು ಗಣಿತ. ಸೋವಿಯತ್ ತಂಡವು ಚೆಕೊಸ್ಲೊವಾಕಿಯಕ್ಕೆ ಎರಡು ಸಲ ಸೋತಿದ್ದಿತು. ಚೆಕೊಸ್ಲೊವಾಕಿಯವು ಸ್ವೀಡನ್ನಿಗೆ ಎರಡು ಸಲ ಸೋತಿತು. ಸ್ವೀಡನ್ ಸೋವಿಯತ್ತಿಗೆ ಎರಡು ಸಲ ಸೋತಿತು. ಮೂವರೂ ಒಂದೇ ವೃತ್ತದಲ್ಲಿ ಒಬ್ಬರ ಬೆನ್ನನ್ನೊಬ್ಬರು ಹಿಡಿದಂತಾಯಿತು. ಮೂರು ತಂಡಗಳಿಗೂ ಹದಿನಾರು ಹದಿನಾರು ಅಂಕಗಳು. ಮಾರ್ಚಿ ೩೦ರ ಕೊನೆಯ ದಿನ ಚೆಕೊಸ್ಲೊವಾಕಿಯವು ಸ್ವೀಡನ್ನಿನೊಡನೆ ಸಮ ಮಾಡಿಕೊಂಡಿದ್ದರೂ ಒಂದು ಅಂಕ ಮೇಲಾಗಿ ಪಟ್ಟವು ಅದರದಾಗುತ್ತಿದ್ದಿತು. ಒಂದೇ ಗೋಲಿನಿಂದ, ೦-೧ ಎಂದು, ಸೋತಿತು. ಎರಡು ಮಹಾಯುದ್ಧಗಳಂತಹ ಪಂದ್ಯಗಳಲ್ಲಿ ತಮ್ಮ ಸರ್ವಸ್ವವನ್ನೂ ಸುರಿದಿದ್ದ ಆಟಗಾರರಲ್ಲಿ ಮೂರನೆಯದಕ್ಕೆ ತ್ರಾಣ ಉಳಿದಿರಲಿಲ್ಲವೆಂದರೆ ಆಶ್ಚರ್ಯವಿಲ್ಲ. ಗೋಲುಗಳ ಅಂತರವನ್ನು ಎಣಿಸಿದಾಗ ಸೋವಿಯತ್ತಿಗೆ ಮೊದಲನೆಯ ಸ್ಥಾನವೂ ಸ್ವೀಡನ್ನಿಗೆ ಎರಡನೆಯದೂ ಚೆಕೊಸ್ಲೊವಾಕಿಯಕ್ಕೆ ಮೂರನೆಯದೂ ಬಂದವು. ದುರ್ಬಲವಾದ ಅಮೆರಿಕದ ತಂಡದ ಮೇಲೆ ಸೋವಿಯತ್ತಿನವರು ಮೊದಲೇ ೧೭-೨ ಗೋಲುಗಳ ಜಯವನ್ನು ಸಂಪಾದಿಸಿಟ್ಟಿದ್ದರು. ಅಂಥ ಉಳಿತಾಯವು ಕಷ್ಟಕಾಲದಲ್ಲಿ ಕೆಲಸಕ್ಕೆ ಬಂದಿತು. ೧೯೪೮ರಲ್ಲಿ ಮುನಿದ ಗಣಿತವು ಹೀಗೆ ಎರಡನೆಯ ಬಾರಿಯೂ ಮುನಿಯಿತು.

೫

ಆದರೆ ಪ್ರಾಗ್ ನಗರದ ಜನರು ಆ ಲೆಕ್ಕಕ್ಕಾಗಿ ಕಾಯಲಿಲ್ಲ. ಮಾರ್ಚಿ ೨೮ರ ರಾತ್ರಿ ಎರಡನೆಯ ಪಂದ್ಯವು ಮುಗಿದ ಕೆಲವೇ ನಿಮಿಷಗಳಲ್ಲಿ ಮನೆಮನೆಗಳ ಬಾಗಿಲು ತೆರೆದವು. ದೂರದರ್ಶನದ ಮುಂದೆ ಕುಳಿತಿದ್ದವರು ಬೀದಿಗಿಳಿದರು. ವೆನ್ಸೆಸ್ಲಾಸ್ ಚೌಕದಲ್ಲಿ ಲಕ್ಷಕ್ಕೂ ಮೀರಿ ಜನ ಸೇರಿದರು. ಇತರ ಪಟ್ಟಣಗಳಲ್ಲಿಯೂ ಹಾಗೆಯೇ ಆಯಿತು. ಎರಡು ತಿಂಗಳ ಹಿಂದೆ ಪಾಲಾಖನು ಉರಿದುಹೋದ ಸ್ಥಳದಲ್ಲಿಯೇ ಜನರು ಒಬ್ಬರನ್ನೊಬ್ಬರು ತಬ್ಬಿಕೊಂಡು ಹಾಡಿದರು. ನೀವು ಕೊಟ್ಟುದು ಟ್ಯಾಂಕು, ನಾವು ಕೊಟ್ಟುದು ಗೋಲು ಎಂಬರ್ಥದ ಘೋಷಣೆಗಳು ಎಲ್ಲೆಡೆ ಕೇಳಿಬಂದವು. ಆಗಸ್ಟಿನಿಂದ ಅದುಮಿಟ್ಟಿದ್ದ ಉಸಿರು ಒಮ್ಮೆಗೆ ಹೊರಬಂದಂತಾಯಿತು.

ಇದೇ ರಾತ್ರಿ ಸೋವಿಯತ್ ವಿಮಾನಸಂಸ್ಥೆಯಾದ ಏರೋಫ್ಲಾಟಿನ ಕಚೇರಿಯ ಕಿಟಕಿಗಳು ಒಡೆದವು. ಒಳಗಿನ ಪೀಠೋಪಕರಣಗಳು ಬೀದಿಗೆ ಬಂದು ಸುಟ್ಟವು. ಬೇರೆ ಊರುಗಳಲ್ಲಿ ಸೋವಿಯತ್ ಸೇನಾಕಚೇರಿಗಳ ಮೇಲೆ ಕಲ್ಲುಗಳು ಬಿದ್ದವು. ಏರೋಫ್ಲಾಟ್ ಕಚೇರಿಯ ಎದುರಿಗೆ ಬೀದಿಗೆ ಹಾಸುವ ಕಲ್ಲುಗಳ ರಾಶಿಯೊಂದು ಮೊದಲೇ ಇದ್ದಿತು. ಆ ಕಲ್ಲುಗಳು ಅಲ್ಲಿಗೆ ಬಂದುದರಲ್ಲಿ ರಹಸ್ಯ ಪೊಲೀಸರ ಕೈವಾಡವಿದ್ದಿತೆಂಬ ಸಂಶಯವು ಅಂದು ಹುಟ್ಟಿದುದು ಇಂದಿಗೂ ಅಳಿದಿಲ್ಲ. ಕಲ್ಲನ್ನು ಇಟ್ಟವರು ಯಾರೇ ಆಗಲಿ, ಕಾರಣವೊಂದು ಬೇಕಾಗಿದ್ದವರಿಗೆ ಕಾರಣ ದೊರೆಯಿತು.

ಮಾರ್ಚಿ ೩೧ರಂದು ಸೋವಿಯತ್ ರಕ್ಷಣಾ ಮಂತ್ರಿಯಾದ ಮಾರ್ಷಲ್ ಗ್ರೆಚ್ಕೊ ಮುನ್ಸೂಚನೆಯಿಲ್ಲದೆ ಚೆಕೊಸ್ಲೊವಾಕಿಯಕ್ಕೆ ಬಂದಿಳಿದನು. ಶಾಂತಿಯನ್ನು ಕಾಪಾಡಲು ನಿಮ್ಮ ಕೈಯಲ್ಲಿ ಆಗದಿದ್ದರೆ ನಮ್ಮ ಸೈನ್ಯವು ಆ ಕೆಲಸವನ್ನು ಮಾಡುವುದೆಂಬುದು ಅವನು ತಂದ ಸಂದೇಶದ ಸಾರಾಂಶ. ಏಪ್ರಿಲ್ ಆದಿಯಲ್ಲಿಯೇ ಪತ್ರಿಕೆಗಳ ಮೇಲೆ ಮತ್ತೆ ನಿರ್ಬಂಧವು ಬಂದಿತು. ಪಾಲಾಖನು ಯಾವುದಕ್ಕಾಗಿ ಪ್ರಾಣವನ್ನು ತೆತ್ತನೋ ಅದೇ ಮೊದಲು ಹೋಯಿತು. ಏಪ್ರಿಲ್ ೧೭ರಂದು ಡುಬ್ಚೆಕನು ಪದವಿಯಿಂದ ಇಳಿದನು. ಗುಸ್ತಾವ್ ಹುಸಾಕನು ಆ ಸ್ಥಾನಕ್ಕೆ ಬಂದನು. ಮುಂದಿನ ಇಪ್ಪತ್ತು ವರ್ಷಗಳ ಅವಧಿಗೆ ಆಳುವವರು ಇಟ್ಟ ಹೆಸರು 'ಸಹಜಸ್ಥಿತಿಗೆ ತರುವುದು' ಎಂದು. ಪ್ರಾಧ್ಯಾಪಕರು ಕೂಲಿಗಳಾದರು, ಗ್ರಂಥಕರ್ತರು ಮೂಕರಾದರು, ಡುಬ್ಚೆಕನು ಅರಣ್ಯ ಇಲಾಖೆಯ ನೌಕರನಾದನು. ಆ ಸ್ಥಿತಿಯಲ್ಲಿ ಸಹಜವಾದುದು ಯಾವುದೂ ಇರಲಿಲ್ಲ.

೬

ಈಗ ಮೊದಲಿನ ಪ್ರಶ್ನೆಗೆ ಬರಬಹುದು. ಅಂದು ರಾತ್ರಿ ಜನರು ಮನೆಯಲ್ಲಿಯೇ ಕುಳಿತಿದ್ದರೆ ಡುಬ್ಚೆಕನು ಉಳಿಯುತ್ತಿದ್ದನೇ? ಆಟದ ಗೆಲುವೊಂದು ನಾಡಿಗೆ ಸೋಲನ್ನು ತಂದಿತೇ?

ಹಾಗೆಂದು ಹೇಳುವವರು ಇದ್ದಾರೆ. ಘಟನೆಗಳ ಅನುಕ್ರಮವನ್ನು ನೋಡಿದರೆ ಆ ಮಾತಿಗೆ ಆಧಾರವೂ ಇದ್ದಂತೆ ತೋರುತ್ತದೆ. ಆದರೆ ಒಂದರ ತರುವಾಯ ಇನ್ನೊಂದು ಬಂದಿತೆಂಬ ಮಾತ್ರಕ್ಕೆ ಮೊದಲನೆಯದು ಎರಡನೆಯದಕ್ಕೆ ಕಾರಣವೆಂದು ಸಿದ್ಧವಾಗುವುದಿಲ್ಲ. ಪರದೇಶದ ಸೈನ್ಯವು ಆಗಸ್ಟಿನಲ್ಲಿಯೇ ಬಂದಿದ್ದಿತು. ಅದು ದೇಶದಲ್ಲಿ ನೆಲಸಲು ಒಪ್ಪಂದವು ಅಕ್ಟೋಬರಿನಲ್ಲಿಯೇ ಆಗಿದ್ದಿತು. ಸುಧಾರಣೆಯ ಪಕ್ಷದವರು ಒಬ್ಬೊಬ್ಬರಾಗಿ ಸ್ಥಾನಗಳನ್ನು ಕಳೆದುಕೊಳ್ಳುತ್ತಿದ್ದರು. ಮರವನ್ನು ಬುಡದಲ್ಲಿ ಕಡಿದಾಗಿದ್ದಿತು. ಯಾವ ಗಾಳಿಗೆ ಉರುಳಿತೆಂಬುದು ದೊಡ್ಡ ಪ್ರಶ್ನೆಯಲ್ಲ. ಪಂದ್ಯವು ಪತನದ ದಿನವನ್ನು ಗೊತ್ತುಮಾಡಿತು, ಪತನವನ್ನಲ್ಲ. ಹರ್ಷಪಟ್ಟ ಜನರ ಮೇಲೆ ದೋಷವನ್ನು ಹೊರಿಸುವುದೆಂದರೆ ಕಡಿದವನನ್ನು ಬಿಟ್ಟು ಗಾಳಿಯನ್ನು ದಂಡಿಸಿದಂತೆ.

ಆದರೂ ಇನ್ನೊಂದು ಮಗ್ಗುಲನ್ನು ಮರೆಯಕೂಡದು. ಆಟವು ಜನರಿಗೆ ಧ್ವನಿಯನ್ನು ಕೊಡಬಲ್ಲುದು, ರಕ್ಷಣೆಯನ್ನು ಕೊಡಲಾರದು. ಸ್ಟಾಕ್‌ಹೋಮಿನ ಕಣದಲ್ಲಿ ಇಬ್ಬರಿಗೂ ಆರಾರು ಮಂದಿ, ಇಬ್ಬರಿಗೂ ಒಂದೇ ನಿಯಮ, ತಪ್ಪು ಮಾಡಿದವನನ್ನು ಹೊರಗೆ ಕೂರಿಸುವ ನಿರ್ಣಾಯಕನು ಒಬ್ಬನಿದ್ದನು. ಆ ಸಮಾನತೆಯಿದ್ದುದರಿಂದಲೇ ಒಂದೂವರೆ ಕೋಟಿಯಷ್ಟೂ ಇಲ್ಲದ ಜನಸಂಖ್ಯೆಯ ದೇಶವು ಇಪ್ಪತ್ತು ಕೋಟಿಗೂ ಮೀರಿದ ದೇಶವನ್ನು ಸೋಲಿಸಲು ಸಾಧ್ಯವಾಯಿತು. ಕಣದ ಹೊರಗೆ ಅಂಥ ನಿರ್ಣಾಯಕನು ಇರಲಿಲ್ಲ. ಪ್ರಾಗಿನ ಬೀದಿಯಲ್ಲಿ ಹಾಡಿದವರಿಗೆ ಈ ಭೇದವು ತಿಳಿದಿರಲಿಲ್ಲವೆಂದು ಹೇಳಲಾಗದು. ಏಳು ತಿಂಗಳಿಂದ ಅವರು ಅದನ್ನೇ ಅನುಭವಿಸುತ್ತಿದ್ದರು. ತಿಳಿದೂ ಅವರು ಹೊರಬಂದರು. ಇಡೀ ಜಗತ್ತಿನ ಮುಂದೆ, ಒಂದೇ ನಿಯಮದ ಕೆಳಗೆ, ತಾವು ಕೀಳಲ್ಲವೆಂಬುದು ಎರಡು ಸಲ ಸ್ಥಾಪಿತವಾದುದನ್ನು ಕಂಡು ಸುಮ್ಮನೆ ಮಲಗುವುದು ಮನುಷ್ಯರಿಗೆ ಶಕ್ಯವಿರಲಿಲ್ಲ.

ಮುಂದಿನ ಕಥೆಯನ್ನು ಸಂಕ್ಷೇಪವಾಗಿ ಹೇಳಬಹುದು. ೧೯೭೨ರಲ್ಲಿ ಪಂದ್ಯಾವಳಿಯು ಪ್ರಾಗ್ ನಗರಕ್ಕೆ ಬಂದಿತು. ಅಲ್ಲಿ ಚೆಕೊಸ್ಲೊವಾಕಿಯವು ಸೋವಿಯತ್ ತಂಡವನ್ನು ೩-೨ ಗೋಲುಗಳಿಂದ ಸೋಲಿಸಿ, ೧೯೬೩ರಿಂದ ಒಂಬತ್ತು ವರ್ಷ ಅವಿಚ್ಛಿನ್ನವಾಗಿ ನಡೆದುಬಂದಿದ್ದ ಆ ತಂಡದ ಪ್ರಭುತ್ವವನ್ನು ಮುರಿದು, ೧೯೪೯ರ ತರುವಾಯ ಮೊದಲ ಬಾರಿಗೆ ಪಟ್ಟವನ್ನೇರಿತು. ಈ ಸಲ ಗೋಲುಗಳ ಗಣಿತದ ಅವಶ್ಯಕತೆಯೇ ಬೀಳಲಿಲ್ಲ. ಆದರೆ ಆ ದೇಶದ ವೃದ್ಧರನ್ನು ಕೇಳಿದರೆ ಅವರು ಪಟ್ಟ ಬಂದ ವರ್ಷಕ್ಕಿಂತ ಪಟ್ಟ ಬಾರದ ವರ್ಷವನ್ನೇ ಹೆಚ್ಚಾಗಿ ನೆನೆಯುತ್ತಾರೆ. ೧೯೮೯ರ ನವೆಂಬರಿನಲ್ಲಿ ಅದೇ ವೆನ್ಸೆಸ್ಲಾಸ್ ಚೌಕದಲ್ಲಿ ಜನರು ಮತ್ತೆ ಸೇರಿದರು. ಈ ಬಾರಿ ಇಳಿದುದು ಹುಸಾಕನ ಕಾಲದ ಆಡಳಿತ. ಮರೆತುಹೋಗಿದ್ದ ಡುಬ್ಚೆಕನು ಬಂದು ಜನರೆದುರಿಗೆ ನಿಂತನು. ತಿಂಗಳೊಪ್ಪತ್ತಿನಲ್ಲಿ ಸಂಸತ್ತಿನ ಅಧ್ಯಕ್ಷನಾದನು. ೧೯೯೧ರ ಜೂನಿನಲ್ಲಿ ಕೊನೆಯ ಸೋವಿಯತ್ ಸೈನಿಕರು ಗಡಿದಾಟಿ ಹೋದರು. ೧೯೯೩ರಲ್ಲಿ ಚೆಕ್ಕರೂ ಸ್ಲೊವಾಕರೂ ಜಗಳವಿಲ್ಲದೆ ಬೇರೆ ಬೇರೆ ರಾಜ್ಯಗಳಾದರು. ಸ್ಟಾಕ್‌ಹೋಮಿನಲ್ಲಿ ಸಿಂಹದ ಅಂಗಿಯನ್ನು ತೊಟ್ಟು ಕೂಡಿ ಆಡಿದ ಚೆಕ್ ಸುಖಿಯೂ ಸ್ಲೊವಾಕ್ ಗೊಲೊಂಕನೂ ಈಗ ಎರಡು ದೇಶಗಳ ಸ್ಮರಣೆಗೆ ಸಮಾನವಾಗಿ ಸೇರಿದವರು.

ಆ ಹೊತ್ತಿಗೆ ಅಂಟುಪಟ್ಟಿಯ ಅವಶ್ಯಕತೆಯೂ ಉಳಿದಿರಲಿಲ್ಲ. ೧೯೯೦ರಲ್ಲಿ ರಾಜ್ಯಲಾಂಛನವು ಬದಲಾಗಿ ಸಿಂಹದ ತಲೆಯ ಮೇಲಿನ ನಕ್ಷತ್ರವು ಹೋಯಿತು, ಕಿರೀಟವು ಮರಳಿತು. ಕೆಲವು ಆಟಗಾರರು ಒಂದು ಮಾರ್ಚಿ ತಿಂಗಳ ರಾತ್ರಿ ತಮ್ಮ ಕೈಯಾರೆ ಮಾಡಿದುದನ್ನು ಒಂದು ರಾಷ್ಟ್ರವು ಕಾನೂನಿನಿಂದ ಮಾಡಲು ಇಪ್ಪತ್ತೊಂದು ವರ್ಷಗಳು ಹಿಡಿದವು.